ಇವತ್ತು ಗಾಡಿ ಯಾವ ಕಡೆ?

ನಮ್ಮ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಲು ಬರುವ ಮನುಷ್ಯ, ಎಷ್ಟೇ ದೊಡ್ಡ ಆಫೀಸಿನವನಾಗಿರಲಿ, ಒಂದು ಕಾಲನ್ನು ನೆಲಕ್ಕೆ ಊರಿ ಇನ್ನೊಂದನ್ನು ಗಾಡಿಯ ಮೇಲೆಯೇ ಇಟ್ಟುಕೊಂಡು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಕಡೆಗೆ ಆಕಾಶದ ಕಡೆಗೆ ನೋಡುತ್ತಾನೆ. ಕೈಯಲ್ಲಿ ಗಡಿಯಾರವಿದೆ, ಹೊತ್ತು ಗೊತ್ತು, ವಾರವೂ ಗೊತ್ತು, ತಾರೀಖು ಮಾತ್ರ ಗೊತ್ತಿಲ್ಲ. ತಾರೀಖು ಗೊತ್ತಿಲ್ಲದೆ ನಮ್ಮ ಬೀದಿಯಲ್ಲಿ ಎರಡನೆಯ ಕಾಲನ್ನು ಇಳಿಸುವ ಹಾಗಿಲ್ಲ. ಆಕಾಶದಲ್ಲಿ ತಾರೀಖು ಬರೆದಿರುವುದಿಲ್ಲ. ಈ ಸಂಗತಿಯನ್ನು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಘಾಟ್ಕೋಪರಿನಲ್ಲಿ ಇನ್ನೊಬ್ಬರಿಲ್ಲ; ಏಕೆಂದರೆ ಒಂಬತ್ತು ದಿನ ನಾನು ಅದನ್ನು ಅಲ್ಲಿಯೇ ಓದಿ, ಊರಿಗೆಲ್ಲ ಹೇಳಿ, ಹತ್ತನೆಯ ದಿನ ಎಂಟು ಜನರನ್ನು ಕಟ್ಟಿಕೊಂಡು ಮುಳುಗಿದವಳು.

ನಾನು ನಾಲ್ಕು ಗಾಲಿಯ ಗಾಡಿಯಲ್ಲಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿಯ ಚಟ್ನಿ ಇಟ್ಟು ಮಾರುವವಳು. ಸ್ಟೇಷನ್ನಿನಿಂದ ಹೊರಬಿದ್ದು ಬಸ್ಸಿನ ಸ್ಟಾಪು ದಾಟಿದರೆ ದಿನಸಿ ಅಂಗಡಿಯ ಎದುರು ನನ್ನ ಜಾಗ. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಆ ಗಾಡಿ ಒಂದೇ, ಅದರಲ್ಲಿಯೂ ಒಂದು ಗಾಲಿ ಅವನ ಹಾಗೆಯೇ ಸದಾ ಗೊಣಗುತ್ತಿತ್ತು. ನನ್ನ ಪಕ್ಕಕ್ಕೆ ಸಾಲಾಗಿ ಎಂಟು ಕೈಗಾಡಿಗಳು. ವಿಜಾಪುರ, ಇಂಡಿ, ಅಫಜಲಪುರ ಕಡೆಯಿಂದ ಬಂದ ನಮ್ಮವರು ದಿನಸಿ ಗೋದಾಮಿನ ಮೂಟೆಗಳಿಗೆ ಕಾಯುತ್ತ ಗಾಡಿ ಎಳೆಯುವ ಮೂಕಿಯ ಮೇಲೆ ಕುಳಿತು ನನ್ನ ರೊಟ್ಟಿ ತಿನ್ನುತ್ತಿದ್ದರು. ನನಗೆ ಗಿರಾಕಿ ಬೇಕು, ಅವರಿಗೆ ರೊಟ್ಟಿ ಬೇಕು. ಇದಕ್ಕಿಂತ ಹೆಚ್ಚಿನ ವಾತ್ಸಲ್ಯವನ್ನು ಯಾರೂ ಯಾರ ಮೇಲೂ ಹೊರಿಸಿರಲಿಲ್ಲ.

ಬೀದಿಯ ಅಗಲ ಮಾತ್ರ ಎರಡು ಎತ್ತಿನ ಗಾಡಿ ಎದುರುಬದುರಾಗುವಷ್ಟು. ಅದರೊಳಗೆ ಬಸ್ಸು ಬರಬೇಕು, ದಿನಸಿಯ ಲಾರಿ ಹಿಂದಕ್ಕೆ ಸರಿಯಬೇಕು, ಕುದುರೆಗಾಡಿ ತಿರುಗಬೇಕು, ಟ್ಯಾಕ್ಸಿ ನಿಲ್ಲಬೇಕು, ಲೋಕಲ್ ಬಂದಾಗ ಸ್ಟೇಷನ್ನು ಕಾರಿದ ಜನವೆಲ್ಲ ಇವುಗಳ ನಡುವೆ ನುಸುಳಬೇಕು. ಬಸ್ಸು ಒಮ್ಮೆ ಸಿಕ್ಕಿಕೊಂಡರೆ ಕಂಡಕ್ಟರ್ ಇಳಿದು ಚಹಾ ಕುಡಿದು, ಕಪ್ಪು ತೊಳೆಯುವವನೊಡನೆ ಸಂಸಾರದ ಕಷ್ಟಸುಖ ಮಾತಾಡಿ ವಾಪಸು ಬಂದರೂ ಬಸ್ಸು ಅದೇ ಅಂಗಡಿಯ ಎದುರು ಇರುತ್ತಿತ್ತು. ಮುಂಬಯಿಯಲ್ಲಿ ಜನಕ್ಕೆ ಸಾಲು ಗೊತ್ತು, ಗಾಡಿಗೆ ಗೊತ್ತಿಲ್ಲ ಎಂಬುದು ನನಗೆ ಆಗಲೇ ಹೊಳೆದ ವಿಚಾರ. ಈ ಊರಿಗೆ ಬಂದ ಹೊಸತರಲ್ಲಿ ಸೀಮೆಎಣ್ಣೆಯ ಸಾಲೆಂದು ತಿಳಿದು ಬಸ್ಸಿನ ಸಾಲಿನಲ್ಲಿ ನಿಂತು, ಹಿಂದಿನವರು ನೂಕಿದಂತೆ ಹತ್ತಿ, ಖಾಲಿ ಡಬ್ಬಿ ಹಿಡಿದುಕೊಂಡು ಭಾಂಡುಪಿನಲ್ಲಿ ಇಳಿದವಳು ನಾನು. ಸಾಲಿನ ಶಕ್ತಿ ಅಂಥದು. ಒಳಗೆ ನಿಂತರೆ ಸಾಕು, ಎಲ್ಲಿಗೋ ಮುಟ್ಟಿಸುತ್ತದೆ. ನಿಜ ಹೇಳಬೇಕೆಂದರೆ ಆ ದಟ್ಟಣೆಯ ಮೇಲೆ ನನಗೇನೂ ದ್ವೇಷವಿರಲಿಲ್ಲ. ನಿಂತ ಬಸ್ಸಿನ ಕಿಟಕಿಗಳಿಗೆ ರೊಟ್ಟಿ ಏರಿಸಿ ಎಷ್ಟೋ ಸಲ ಬುಟ್ಟಿ ಖಾಲಿ ಮಾಡಿದ್ದೆ. ಜಗತ್ತಿನ ಕಷ್ಟವನ್ನು ಪರಿಹರಿಸುವ ಮುಂಚೆ ಅದರಿಂದ ಬದುಕುವವರನ್ನು ಒಂದು ಮಾತು ಕೇಳಬೇಕು. ಸರ್ಕಾರ ಕೇಳಲಿಲ್ಲ.

ಒಂದು ದಿನ ಬೀದಿಯ ಎರಡೂ ಬದಿಗೆ ಎರಡು ಬೋರ್ಡು ನೆಟ್ಟು ಹೋದರು. ನಮ್ಮ ಚಾಳಿನ ಮುಂದಿನ ಬಿಲ್ಡಿಂಗಿನಲ್ಲಿ ಮೈಸೂರು ಕಡೆಯ ಸುಬ್ಬರಾಯರು ಎಂಬ ಗುಮಾಸ್ತರಿದ್ದರು. ಸ್ಕೂಟರ್ ಇಟ್ಟವರು, ಕನ್ನಡಕ ಹಾಕಿದವರು, ಬೋರ್ಡು ಕಂಡರೆ ಗಟ್ಟಿಯಾಗಿ ಓದದೆ ಮುಂದೆ ಹೋಗದವರು. ಅವರು ಓದಿ ಹೇಳಿದರು:

“ನೋಡಿ ನೀಲಮ್ಮನವರೇ, ಬೆಸ ಸಂಖ್ಯೆಯ ದಿನ ಎಲ್ಲ ಗಾಡಿಯೂ ದಿನಸಿ ಅಂಗಡಿ ಕಡೆ ನಿಲ್ಲಬೇಕು. ಸಮಸಂಖ್ಯೆಯ ದಿನ ಎದುರಿಗೆ, ದರ್ಜಿ ಅಂಗಡಿ ಕಡೆ. ಒಂದು ಬದಿ ಯಾವಾಗಲೂ ಖಾಲಿ ಇರುತ್ತೆ, ಬಸ್ಸು ಸಲೀಸಾಗಿ ಹೋಗುತ್ತೆ. ಬಹಳ ವೈಜ್ಞಾನಿಕ!”

“ಅಂದ್ರ ಒಂದು, ಮೂರು, ಐದು ಇಲ್ಲಿ, ಎರಡು, ನಾಕು, ಆರು ಅಲ್ಲಿ. ಅಷ್ಟ ಹೌದಲ್ರಿ ರಾಯರ?”

“ಅಷ್ಟೇ. ತುಂಬಾ ಸುಲಭ.”

ಸುಲಭ ಎಂದವರ ಮಾತನ್ನು ನಂಬಿ ಕೆಟ್ಟವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿ. ರಾಯರು ದಿನ ಎಂದಾಗ ಅವರ ತಲೆಯಲ್ಲಿ ಗೋಡೆಯ ಕ್ಯಾಲೆಂಡರ್ ಇತ್ತು. ನನ್ನ ತಲೆಯಲ್ಲಿ ಪಾಡ್ಯ, ಬಿದಿಗೆ, ತದಿಗೆ ಇತ್ತು. ಹುಟ್ಟಿದಾಗಿನಿಂದ ನಾನು ದಿನ ಎಣಿಸಿದ್ದೇ ಹಾಗೆ. ಅಮಾವಾಸ್ಯೆ ಯಾವತ್ತು, ಹುಣ್ಣಿಮೆ ಯಾವತ್ತು, ಚೌತಿಗೆ ಎಷ್ಟು ದಿನ ಎಂದು ಚಾಳಿನ ಹೆಂಗಸರೆಲ್ಲ ನನ್ನನ್ನೇ ಕೇಳುತ್ತಿದ್ದರು; ಸೋಮವಾರಕ್ಕೊಮ್ಮೆ ಪೇಟೆಯ ಗುಡಿಯಲ್ಲಿ ಪೂಜಾರಿ ಓದಿದ್ದನ್ನು ಕೇಳಿ ಬಂದು ತಪ್ಪದೆ ಹೇಳುತ್ತಿದ್ದೆ. ದೇವರಿಗೆ ನಡೆಯುವ ಲೆಕ್ಕ ಬಸ್ಸಿಗೆ ನಡೆಯುವುದಿಲ್ಲ ಎಂದು ನಾನು ಹೇಗೆ ಊಹಿಸಲಿ? ಕೇಡಿಗೆ, ಆ ಸಲ ಅಮಾವಾಸ್ಯೆಯ ಮರುದಿನವೇ ಇಂಗ್ಲಿಷ್ ತಿಂಗಳು ಹುಟ್ಟಿತ್ತು. ಪಾಡ್ಯಕ್ಕೆ ಒಂದನೆಯ ತಾರೀಖು, ಬಿದಿಗೆಗೆ ಎರಡು, ಪಂಚಮಿಗೆ ಐದು. ನನ್ನ ಚಂದ್ರನೂ ಸರ್ಕಾರದ ಬೋರ್ಡೂ ಜೋಡೆತ್ತಿನ ಹಾಗೆ ನಡೆದವು.

ನಮ್ಮ ಗಾಡಿಯವರಲ್ಲಿ ಹೆಚ್ಚಿನವರಿಗೆ ಬೋರ್ಡು ಓದಲು ಬಾರದು. ಬೆಳಿಗ್ಗೆ ಬಂದವರೇ ಕೇಳುವರು, “ಆಯಿ, ಇವತ್ತ ಗಾಡಿ ಯಾಕಡೆ?” ನಾನು ಸೆರಗಿಗೆ ಕೈ ಒರೆಸಿ, “ಇವತ್ತ ಷಷ್ಠಿ. ದರ್ಜಿ ಕಡೆ,” ಎನ್ನುವೆ. ಎಂಟು ಗಾಡಿಗಳು ತುಟಿಪಿಟಕ್ಕೆನ್ನದೆ ಹೋಗಿ ನಿಲ್ಲುವವು. ನನ್ನ ಮಾತಿಗೆ ಮನೆಯಲ್ಲಿ ಒಂದು ಬೆಕ್ಕೂ ಎದ್ದದ್ದಿಲ್ಲ. ಇಲ್ಲಿ ಎಂಟು ಗಾಡಿ ಏಳುತ್ತಿದ್ದವು. ನಾಯಕತ್ವದ ರುಚಿ ಹತ್ತಲು ಒಂಬತ್ತು ದಿನ ಧಾರಾಳವಾಗಿ ಸಾಕು.

ನವಮಿಯ ಮರುದಿನ ದಶಮಿ ಬರಬೇಕಷ್ಟೆ? ಆ ಪಕ್ಷದಲ್ಲಿ ದಶಮಿ ಲೋಪವಾಗಿತ್ತು. ತಿಥಿಗಳಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಒಂದು ತಿಥಿ ಬಂದದ್ದೂ ಹೋದದ್ದೂ ತಿಳಿಯದೆ ಮುಂದಿನದು ಬಂದು ಕೂರುತ್ತದೆ. ಪೂಜಾರಿ ಹೇಳಿದ್ದು ನನಗೆ ನೆನಪಿತ್ತು. ನೆನಪಿಲ್ಲದಿದ್ದರೆ ಬದುಕುತ್ತಿದ್ದೆ. “ಇವತ್ತ ಏಕಾದಶಿ, ದಿನಸಿ ಅಂಗಡಿ ಕಡೆನ,” ಎಂದೆ. ಅಫಜಲಪುರದ ಶರಣಪ್ಪನೆಂಬ ಗಾಡಿಯವನು ಒಂದು ಸಲ ತಲೆ ಕೆರೆದುಕೊಂಡ. “ಆಯಿ, ನಿನ್ನೆನೂ ಇಲ್ಲೇ ಇದ್ವಲ್ಲ?” “ದಶಮಿ ಹಾರೇದ ಲೇ. ನನಗ ಕಲಸ್ತಿ ಏನು?” ಎಂದು ಗದರಿಸಿದೆ. ಒಂಬತ್ತೂ ಗಾಡಿಗಳು ಗೆರೆ ಎಳೆದ ಹಾಗೆ ನಿಂತವು. ಇಡೀ ಬೀದಿಯ ಉಳಿದ ಗಾಡಿಗಳೆಲ್ಲ ಎದುರು ಬದಿಗೆ. ನಡುವೆ ಬಸ್ಸು ಬಂದು, ಬಾಟಲಿಗೆ ಬೂಚು ಬಿದ್ದಂತೆ ಸಿಕ್ಕಿಕೊಂಡಿತು.

ಸೀಟಿ ಊದುತ್ತ ಹವಾಲ್ದಾರ ಓಡಿ ಬಂದ. ಸೊಲ್ಲಾಪುರದವನು, ಮರಾಠಿ ಬೆರೆತ ನಮ್ಮ ಕನ್ನಡವನ್ನೇ ಆಡುವವನು, ಖಾಕಿಯ ಕಾಲರಿನ ಒಳಗೆ ತುಳಸಿಮಾಲೆ. ಅವನ ಬೆನ್ನಿಗೇ ಗಾಡಿ ಎತ್ತುವ ಲಾರಿ. ಆ ಲಾರಿ ಒಯ್ದ ಕೈಗಾಡಿ ಸರ್ಕಾರಿ ಗೋದಾಮಿನ ಅಂಗಳದಲ್ಲಿ ಮಳೆಗೆ ನೆನೆದು ಬಿಸಿಲಿಗೆ ಬಿರಿದು ಉರುವಲಾಗುವುದನ್ನು ಎಲ್ಲರೂ ಕಂಡಿದ್ದರು. ಗಾಡಿ ಹೋದರೆ ಜಾಗವೂ ಹೋಗುತ್ತದೆ. ನಮ್ಮ ಬೀದಿಯಲ್ಲಿ ಖಾಲಿ ಜಾಗ ಚಹಾ ಆರುವಷ್ಟು ಹೊತ್ತೂ ಖಾಲಿ ಇರುವುದಿಲ್ಲ.

“ಏನ್ ಮೋರ್ಚಾ ಮಾಡೀರೇನು ಎಲ್ಲಾರೂ ಕೂಡಿ? ಯಾರು ಹೇಳ್ಯಾರು ಇಲ್ಲಿ ಹಚ್ಚಾಕ?”

ಎಂಟು ಬೆರಳುಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ನಾಯಕತ್ವದ ಇನ್ನೊಂದು ರುಚಿ.

“ನಾನ ಹೇಳೀನಿ. ಹವಾಲ್ದಾರ್ ಸಾಹೇಬ್ರ, ಇವತ್ತ ನೀವು ಉಂಡೀರಿ?” ಎಂದೆ.

“ಇಲ್ಲ. ಉಪವಾಸ ಐತಿ.”

“ಯಾಕ?”

“ಯಾಕ ಅಂದ್ರ, ಏಕಾದಶಿ, ಆಜಿ!”

“ಏಕಾದಶಿ ಅಂದ್ರ ಎಷ್ಟು? ಹನ್ನೊಂದು. ಹನ್ನೊಂದು ಬೆಸ. ಬೆಸಕ್ಕ ದಿನಸಿ ಅಂಗಡಿ ಕಡೆ. ನಾ ಎಲ್ಲಿ ತಪ್ಪೀನಿ ತೋರಸ್ರಿ.”

ಹವಾಲ್ದಾರ ಬಾಯಿಂದ ಸೀಟಿ ತೆಗೆದ. ಒಂದು ಸಲ ಬೋರ್ಡಿನ ಕಡೆ, ಒಂದು ಸಲ ನನ್ನ ಕಡೆ ನೋಡಿದ. ನಾನು ಲೇವಡಿ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಕ್ಕ ನೋಡಿ, ಉಪವಾಸದ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾರಿಯವನು ನಕ್ಕ, ಕಂಡಕ್ಟರ್ ನಕ್ಕ, ಬಸ್ಸಿನ ಕಿಟಕಿಗಳೂ ನಕ್ಕವು. “ಆಜಿ, ಪಾಂಡುರಂಗನ ಪಂಚಾಂಗ ಬ್ಯಾರೆ, ಪೊಲೀಸರ ಪಂಚಾಂಗ ಬ್ಯಾರೆ. ಇವತ್ತ ಹತ್ತನೇ ತಾರೀಖು. ಒಂದ್ ಸಲ ಬಿಟ್ಟೀನಿ. ಇನ್ನೊಮ್ಮೆ ತಪ್ಪು ಬದಿಗೆ ಕಂಡ್ರ ನಿನ್ನ ಗಾಡಿನೂ ಹೋತು, ಜಾಗಾನೂ ಹೋತು. ಆಗ ದ್ವಾದಶಿ ತ್ರಯೋದಶಿ ಹೇಳಬ್ಯಾಡ.” ಒಂಬತ್ತು ಗಾಡಿಗಳನ್ನು ಆ ಬದಿಗೆ ದಾಟಿಸಲು ಬಸ್ಸು ಹಿಂದಕ್ಕೆ ಸರಿಯಬೇಕಾಯಿತು, ಬಸ್ಸಿಗಾಗಿ ಲಾರಿ, ಲಾರಿಗಾಗಿ ಕುದುರೆ. ದಟ್ಟಣೆ ತಪ್ಪಿಸುವ ನಿಯಮವನ್ನು ಪಾಲಿಸಲು ಹೋಗಿ ಸ್ಟೇಷನ್ನಿನ ತನಕ ದಟ್ಟಣೆ ಮಾಡಿದ ಕೀರ್ತಿ ನನ್ನದು.

ಮರುದಿನದಿಂದ ಗಾಡಿಯವರು ನನ್ನನ್ನು ದಿಕ್ಕು ಕೇಳುವುದು ಬಿಟ್ಟರು, ಗೇಲಿ ಮಾಡುವುದು ಹಿಡಿದರು. “ಆಯಿ, ಝುಣಕಕ್ಕ ಇವತ್ತ ಯಾವ ತಿಥಿ?” ಹೀಗೆ. ನಾನು ಝುಣಕ ಕಡಿಮೆ ಬಡಿಸಿ ಉತ್ತರ ಕೊಟ್ಟೆ. ಸುಬ್ಬರಾಯರಿಗೆ ಮಾತ್ರ ಪಶ್ಚಾತ್ತಾಪವಾಗಿರಬೇಕು. ದಿನಕ್ಕೊಂದು ಹಾಳೆ ಹರಿಯುವ ತಮ್ಮ ಮನೆಯ ಕ್ಯಾಲೆಂಡರನ್ನು ಮೊಳೆಯ ಸಮೇತ ತಂದು ನನ್ನ ಗಾಡಿಯ ಕಂಬಕ್ಕೆ ಹೊಡೆದರು. ಹಿಟ್ಟಿನ ಪರಾತದಲ್ಲಿ ಬೆರಳಿನಿಂದ ಹತ್ತು ಅಂಕಿ ಬರೆದು ತೋರಿಸಿದರು. “ಎಷ್ಟೇ ದೊಡ್ಡ ಸಂಖ್ಯೆ ಇರಲಿ, ಕೊನೆಯ ಅಂಕಿ ನೋಡಿ ಸಾಕು,” ಎಂದರು. ಹಿಟ್ಟಿನಲ್ಲಿ ಬರೆದು, ಹಿಟ್ಟಿನಲ್ಲೇ ಅಳಿಸಿ, ಅದನ್ನೇ ನಾದಿ ರೊಟ್ಟಿ ಬಡಿದು ಹಾಕಿದೆ. ಅಂಕಿ ಹತ್ತಿದ ಮೇಲೆ ಅಕ್ಷರದ ಚಟವೂ ಹತ್ತಿತು. ಅದರ ಫಲ ನೀವು ಈಗ ಅನುಭವಿಸುತ್ತಿದ್ದೀರಿ.

ತಿಂಗಳು ಮುಗಿಯಿತು. ಮೂವತ್ತೊಂದಕ್ಕೆ ಎಲ್ಲರೂ ದಿನಸಿ ಅಂಗಡಿಯ ಕಡೆ. ಮರುದಿನ ಬೆಳಿಗ್ಗೆ ನಾನು ಹಾಳೆ ಹರಿದರೆ ಒಂದೇ ಕೋಲು ನಿಂತಿತ್ತು. ನಿನ್ನೆಯ ಹಾಳೆ ತೆಗೆದು ನೋಡಿದೆ, ಅದರ ಕೊನೆಗೂ ಅದೇ ಕೋಲು. ಎರಡೂ ಬೆಸ. ಅಂದರೆ ಮತ್ತೆ ಇದೇ ಬದಿ. ಆದರೆ ಬೀದಿಯ ತುಂಬ ಗಾಡಿಗಳು ಅಭ್ಯಾಸದ ಬಲದಿಂದ ಎದುರಿಗೆ ಸರಿಯುತ್ತಿದ್ದವು.

“ಇಲ್ಲೇ ನಿಲ್ಲಸ್ರೋ, ಇವತ್ತೂ ಬೆಸ,” ಎಂದೆ.

ಶರಣಪ್ಪ ಮೂಕಿ ಎತ್ತಿದವನು ನಿಂತ. “ಆಯಿ, ನಿನ್ನೆ ಈ ಕಡೆ, ಇವತ್ತ ಆ ಕಡೆ. ಇಷ್ಟು ನಮಗೂ ತಿಳೀತದ. ಹೋಗಲಿ, ನಿನ್ನ ಚಂದ್ರಮನ್ನ ಕೇಳು. ಇವತ್ತ ಯಾವ ತಿಥಿ?”

ಆ ದಿನ ಬಿದಿಗೆ. ಬಿದಿಗೆ ಎಂದರೆ ಎರಡು. ನನ್ನ ಚಂದ್ರನೂ ಎದುರು ಬದಿಗೇ ಹೋಗಿದ್ದ. ಸುಬ್ಬರಾಯರು ಕೂಡ ಸ್ಕೂಟರನ್ನು ದರ್ಜಿಯ ಅಂಗಡಿಗೆ ಒರಗಿಸಿ, “ನೀಲಮ್ಮನವರೇ, ಬೇಗ ಈಚೆ ಬನ್ನಿ, ಲಾರಿ ಬರೋ ಹೊತ್ತಾಯ್ತು!” ಎಂದು ಕೈಬೀಸಿ ಲೋಕಲ್ ಹಿಡಿಯಲು ಓಡಿದರು.

ಇಡೀ ಬದಿಗೆ ನಾನೊಬ್ಬಳು, ನನ್ನದೊಂದು ಗಾಡಿ. ಎರಡು ಸಲ ಗಾಲಿಯ ಕೆಳಗಿನ ಕಲ್ಲನ್ನು ತೆಗೆದೆ, ಎರಡು ಸಲ ಮತ್ತೆ ಇಟ್ಟೆ. ಓದು ಬಲ್ಲವರು ಆ ಕಡೆ, ನನ್ನ ಅನ್ನ ತಿನ್ನುವವರು ಆ ಕಡೆ, ಹುಟ್ಟಿದಾಗಿನಿಂದ ನಂಬಿದ ತಿಥಿ ಆ ಕಡೆ. ಈ ಕಡೆ ಇಪ್ಪತ್ತು ದಿನದ ಪರಿಚಯದ ಒಂದು ಅಂಕಿ. ಹಿಟ್ಟಿನಲ್ಲಿ ಮತ್ತೊಮ್ಮೆ ಬರೆದು ನೋಡಿದೆ. ಹೇಗೆ ಬರೆದರೂ ಒಂದು ಒಂದೇ ಆಗಿ ಉಳಿಯಿತು. ಕಲ್ಲನ್ನು ಕಾಲಿನಿಂದ ಒದ್ದು ಗಾಲಿಗೆ ಬಿಗಿ ಮಾಡಿ ಕುಳಿತೆ. ಹೋದರೆ ಗಾಡಿ ಹೋಗಲಿ. ಗೊತ್ತಿದ್ದೂ ತಪ್ಪು ಬದಿಗೆ ಹೋಗಿ ನಿಂತೆನೆಂದು ನನಗೆ ನಾನೇ ಬೈದುಕೊಳ್ಳುವುದು ಬೇಡ.

ಲಾರಿ ಬಂತು. ಹವಾಲ್ದಾರ ಇಳಿದು ನೇರ ನನ್ನ ಕಡೆಗೇ ನಡೆದು ಬಂದ. ಕ್ಯಾಲೆಂಡರಿನ ಮುಂದೆ ನಿಂತ. ಬೋರ್ಡನ್ನು ನೋಡಿದ. ಎದುರು ಬದಿಯ ಉದ್ದದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ನನಗೆ ಬೆನ್ನು ಮಾಡಿ, ಆ ಕಡೆಗೆ ತಿರುಗಿ, ಎದೆ ತುಂಬ ಉಸಿರೆಳೆದು ಸೀಟಿ ಊದಿದ. ಮೊದಲು ಎತ್ತಿದ್ದು ಸುಬ್ಬರಾಯರ ಸ್ಕೂಟರನ್ನು. ಪಾಪ, ಅವರ ಕ್ಯಾಲೆಂಡರು ನನ್ನ ಗಾಡಿಯಲ್ಲಿತ್ತಲ್ಲ. ಎಂಟು ಕೈಗಾಡಿಗಳು ಎಂದೂ ಓಡದ ವೇಗದಲ್ಲಿ ಬೀದಿ ದಾಟಿ ನನ್ನ ಪಕ್ಕಕ್ಕೆ ಬಂದು ನಿಂತವು. ಶರಣಪ್ಪ ಏದುಸಿರು ಬಿಡುತ್ತ ರೊಟ್ಟಿಗೆ ಕೈ ಚಾಚಿದ. ಆ ದಿನ ಝುಣಕ ನಾನಾಗಿಯೇ ಒಂದು ಸೌಟು ಹೆಚ್ಚು ಹಾಕಿದೆ. ಗೆದ್ದವರಿಗೆ ಅಷ್ಟು ಜಂಬ ಇರಬೇಕು.

ಇದಾಗಿ ನಾಲ್ಕೈದು ವರ್ಷವಾಯಿತು. ಬಸ್ಸು ಈಗ ನಿಲ್ಲದೆ ಹೋಗುತ್ತದೆ, ಕಿಟಕಿಯ ವ್ಯಾಪಾರ ಹೋಯಿತು. ಹೋಗಲಿ. ದಿನ ಬಿಟ್ಟು ದಿನ ದಿನಸಿಯವನ ಬಾಗಿಲಿಗೆ ಅಡ್ಡ, ದಿನ ಬಿಟ್ಟು ದಿನ ದರ್ಜಿಯವನಿಗೆ. ಒಂದು ಬೆಳಿಗ್ಗೆ ನನಗೆ ನೆರಳು, ಒಂದು ಬೆಳಿಗ್ಗೆ ಬಿಸಿಲು. ತೊಂದರೆಯನ್ನು ಯಾರೂ ಪೂರ್ತಿ ತೆಗೆಯಲಾರರು, ಪಾಳಿಯ ಮೇಲೆ ಹಂಚಬಹುದು. ಅಷ್ಟು ಮಾಡಿದ ಬೋರ್ಡಿನ ಮೇಲೆ ನನಗೆ ಗೌರವವಿದೆ. ಪಾಪ, ಅದರ ಬಣ್ಣ ಹೋಗಿ ಈಗ ಓದು ಬಲ್ಲವರಿಗೂ ಏನೂ ಕಾಣುವುದಿಲ್ಲ.

ಆದ್ದರಿಂದಲೇ ಸ್ಕೂಟರಿನವನು ಬಲಕ್ಕೆ, ಎಡಕ್ಕೆ, ಆಕಾಶಕ್ಕೆ ನೋಡಿ ಕಡೆಗೆ ನನ್ನನ್ನು ಕೇಳುವುದು. ನಾನು ಹಾಳೆ ನೋಡಿ ಬದಿ ತೋರಿಸುತ್ತೇನೆ. ಹವಾಲ್ದಾರನೂ ಹದಿನೈದು ದಿನಕ್ಕೊಮ್ಮೆ ಗಾಡಿಯ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ದನಿ ತಗ್ಗಿಸುತ್ತಾನೆ. “ಆಜಿ, ಏಕಾದಶಿ ನಾಳೆನೋ, ನಾಡಿದ್ದೋ?” ಆಗ ನಾನು ಕ್ಯಾಲೆಂಡರನ್ನು ನೋಡುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ತಲೆ ಎತ್ತಿ, ಆಕಾಶವನ್ನು ನೋಡುತ್ತೇನೆ.