ದುರ್ಬೀನು ಕಳಚಿದ ಮೇಲೆ

ಆದೇಶ ಬಂದದ್ದು ಮರಾಠಿಯಲ್ಲಿ, ನನಗೆ ಸಿಟ್ಟು ಬಂದದ್ದು ಕನ್ನಡದಲ್ಲಿ. ಪರವಾನಗಿ ಇರುವ ಬಂದೂಕಿಗೆ ದುರ್ಬೀನು, ಬ್ಯಾಟರಿ, ಹೆಚ್ಚಿನ ಮ್ಯಾಗಜೀನು, ಹೀಗೆ ಏನೇ ಜೋಡಿಸಿದ್ದರೂ ಬಿಚ್ಚಿ ಹದಿನೈದು ದಿನದೊಳಗೆ ಠಾಣೆಗೆ ಒಪ್ಪಿಸಬೇಕಂತೆ. ಮುಂದಿನ ಅಪ್ಪಣೆ ಬರುವ ತನಕ ಅಲ್ಲೇ ಇರುತ್ತದಂತೆ. ಸೊಲ್ಲಾಪುರದ ನನ್ನ ಟವೆಲ್ ಅಂಗಡಿಯಲ್ಲಿ ಕೂತು ಆ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಕೂಡಲಾಗದೆ ಎದ್ದು ಅಂಗಡಿಯ ಮುಂದೆಯೇ ಅತ್ತಿಂದಿತ್ತ ತಿರುಗಿದೆ. ಗಿರಾಕಿಯೊಬ್ಬರು ಬಂದವರು ನನ್ನ ಮುಖ ನೋಡಿ ಪಕ್ಕದ ಅಂಗಡಿಗೆ ಹೋದರು.

ನಮ್ಮ ಅಪ್ಪ ಶಿಕಾರಿಯ ಕಾಲದವರು. ಶಿಕಾರಿ ಬಂದಾದ ಮೇಲೂ ಬಂದೂಕಿಗೆ ಎಣ್ಣೆ ಹಚ್ಚುವುದನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಒಂದು ಗುಬ್ಬಿಯನ್ನೂ ಹೊಡೆದವನಲ್ಲ, ಬರೀ ಕಾಗದಕ್ಕೆ ಹೊಡೆಯುವವನು. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಕ್ಲಬ್ಬಿನಲ್ಲಿ ಐವತ್ತು ಮೀಟರ್ ದೂರದ ಗುರಿ. ಹಿರಿಯರ ಪಂದ್ಯದಲ್ಲಿ ದುರ್ಬೀನು ನಡೆಯುತ್ತಿತ್ತು, ಅದರಲ್ಲಿ ಹೋದ ವರ್ಷವೂ ನಾನೇ ಮೊದಲು. ವಯಸ್ಸು ಅರವತ್ತೊಂದು. ನನ್ನ ಕಣ್ಣಿನ ಬಗ್ಗೆ ನನಗೆ ಎಷ್ಟು ಸೊಕ್ಕಿತ್ತೆಂದರೆ ಕನ್ನಡಕ ಹಾಕಿದ ಗೆಳೆಯರನ್ನು ಕಂಡರೆ ಚೇಷ್ಟೆ ಮಾಡದೆ ಬಿಡುತ್ತಿರಲಿಲ್ಲ.

ಸುಮ್ಮನೆ ಕೂಡುವ ಜಾತಿಯಲ್ಲವಲ್ಲ ನಾನು! ಎಲ್ಲರಿಗೂ ಫೋನು ಹಚ್ಚಿದೆ. ಮನವಿ ಬರೆಸಿದೆ. ಹತ್ತು ಹನ್ನೆರಡು ಜನ ಆದೇಶ ಹೊರಡಿಸಿದ ಕಚೇರಿಗೆ ಹೋದೆವು. ಕ್ಲಬ್ಬಿನವರು ಬಂದಿದ್ದರು. ನಾಗಣಸೂರಿನ ಒಬ್ಬ ರೈತರೂ ಬಂದಿದ್ದರು, ಬೆಳೆ ಮೇಯುವ ಹಂದಿ ಬೆದರಿಸಲು ಅವರ ಹತ್ತಿರ ಪರವಾನಗಿಯ ಬಂದೂಕಿತ್ತು. ನಳಿಕೆಗೆ ಸೈಕಲ್ ಟ್ಯೂಬಿನಿಂದ ಬ್ಯಾಟರಿ ಕಟ್ಟಿಕೊಂಡಿದ್ದರು, ಅದೂ ಈಗ ಆದೇಶದೊಳಗೆ ಬಂದಿತ್ತು.

"ಸಾಹುಕಾರ್ರ, ಬ್ಯಾಟರಿ ಇಲ್ದ ನಾ ಹಂದಿಗೆ ಏನಂತ ಕೂಗ್ಲಿ? ನೀನೇ ಬೆಳಕಿಗೆ ಬಾರಪಾ ಅಂತ ಕರೀಲೇನು?" ಎಂದು ಅವರು ಕೇಳಿದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾವಾಗ ಒಳಗೆ ಕರೆಯುತ್ತಾರೋ ಎಂದು ಬಾಗಿಲಿಗೇ ಅಂಟಿ ನಿಂತಿದ್ದೆ.

ಒಳಗಿದ್ದ ಅಧಿಕಾರಿ ತಾಳ್ಮೆಯ ಮನುಷ್ಯ. ಮನವಿ ಪೂರ್ತಿ ಓದಿ, ಮೇಲಕ್ಕೆ ಕಳಿಸುತ್ತೇನೆ, ಅಲ್ಲಿಯ ತನಕ ಆದೇಶ ಪಾಲಿಸಿ ಎಂದರು. ಆಮೇಲೆ ನನ್ನನ್ನೇ ನೋಡಿ ಮರಾಠಿಯಲ್ಲಿ ಮೆತ್ತಗೆ ಕೇಳಿದರು: ದುರ್ಬೀನು ಇಲ್ಲದಿದ್ದರೆ ನಿಮಗೆ ಹೊಡೆಯಲು ಬರುವುದಿಲ್ಲವೇ?

ಅಷ್ಟು ಸಾಕಾಯಿತು. ಬರೀ ಕಣ್ಣಿನಿಂದ ಹೊಡೆದು ತೋರಿಸುತ್ತೇನೆ, ಬರುವ ಭಾನುವಾರವೇ ಹೊಡೆದ ಕಾಗದ ನಿಮ್ಮ ಟೇಬಲ್ಲಿಗೆ ತಂದಿಡುತ್ತೇನೆ, ನಾವು ದುರ್ಬೀನು ಕೇಳುತ್ತಿರುವುದು ನಮ್ಮ ಹಕ್ಕೆಂದೇ ಹೊರತು ಕಣ್ಣಿಲ್ಲವೆಂದಲ್ಲ, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಮರುದಿನ ದುರ್ಬೀನನ್ನು ಠಾಣೆಗೆ ಕೊಟ್ಟು ರಸೀದಿ ಕಿಸೆಗೆ ಹಾಕಿಕೊಂಡು ಬಂದೆ.

ಭಾನುವಾರ ಕ್ಲಬ್ಬಿಗೆ ಎಲ್ಲರಿಗಿಂತ ಮೊದಲು ಮುಟ್ಟಿದೆ. ನನ್ನ ಸಾಲು ನಾಲ್ಕನೆಯದು. ಪಕ್ಕದ ಐದನೆಯ ಸಾಲಿನಲ್ಲಿ ಅಕ್ಕಲಕೋಟೆಯ ಒಬ್ಬ ಶಾಲಾ ಶಿಕ್ಷಕಿ, ನನ್ನ ಮಗಳ ವಯಸ್ಸಿನವಳು, ನಮ್ಮಲ್ಲಿ ಚೆನ್ನಾಗಿ ಹೊಡೆಯುವವಳು. ಮಲಗಿ ಬಂದೂಕು ಹೆಗಲಿಗೆ ಕೊಟ್ಟೆ. ಎಡಗಣ್ಣು ಮುಚ್ಚಿ, ನಳಿಕೆಯ ತುದಿಯ ಸಣ್ಣ ಕಬ್ಬಿಣದ ಕಡ್ಡಿಯನ್ನು, ನಾವು ಮಖ್ಖಿ ಎನ್ನುತ್ತೇವೆ, ಕರೀ ಗುರಿಗೆ ಕೂಡಿಸಿದೆ. ಗುರಿ ಸ್ವಚ್ಛವಾಗಿ ಕಂಡಿತು. ಹತ್ತು ಗುಂಡು ಹೊಡೆದೆ. ಒಂದೊಂದೂ ಹೋಗಿ ಕೂತದ್ದು ನನ್ನ ಕೈಗೇ ಗೊತ್ತಾಗುತ್ತಿತ್ತು. ಆ ಅಧಿಕಾರಿಯ ಮುಖ ಹೇಗಾಗಬಹುದು ಎಂದು ಒಳಗೊಳಗೇ ಖುಷಿಪಟ್ಟೆ.

ಕಾಗದಗಳು ಬಂದವು. ನನ್ನ ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಶಿಕ್ಷಕಿಯ ಕಾಗದದಲ್ಲಿ ಇಪ್ಪತ್ತಿದ್ದವು.

"ಮ್ಯಾಡಮ್, ನನ್ನ ಕಾಗದ ಯಾಕ ತಗೊಂಡೀರಿ?" ಎಂದೆ ಜೋರಾಗಿ.

"ಇದು ಐದನೇದ್ರಿ ಕಾಕಾ. ನಂದು."

"ಹಂಗಾರ ಕಾಗದ ಹಚ್ಚಾವ್ರು ಅದಲಾಬದಲಿ ಮಾಡ್ಯಾರ. ಇಷ್ಟು ವರ್ಷ ಆತು, ನನಗ ಕಲಿಸಾಕ ಬರಬ್ಯಾಡ್ರಿ!"

ಸುತ್ತ ಇದ್ದವರು ತಿರುಗಿ ನೋಡಿದರು. ಅವಳು ದನಿ ಏರಿಸಲಿಲ್ಲ. ನನ್ನನ್ನು ನನ್ನ ಸಾಲಿಗೇ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ನೀವು ಹೊಡದ ಗುರಿ ನೋಡ್ರಿ. ತಲಿ ತಿರುಗಸಬ್ಯಾಡ್ರಿ. ಮ್ಯಾಲಿನ ನಂಬರ್ ಪಾಟಿ ಕಾಣತೈತೇನ್ರಿ?"

ಕರೀ ಗುರಿ ಕಂಡಿತು. ಪಾಟಿ ಕಾಣಲಿಲ್ಲ. ಪಕ್ಕದ ಗುರಿಗಳೂ ಕಾಣಲಿಲ್ಲ. ಒಂದೇ ಒಂದು ಗುರಿ, ಅದರ ಸುತ್ತ ಏನೋ ಮಸುಕು. ತಲೆ ಎತ್ತಿದರೆ ಆಗ ಪಾಟಿ ಕಂಡಿತು: ಐದು. ಮೂವತ್ತು ವರ್ಷದ ಅನುಭವದವನು ಬೇರೆಯವರ ಗುರಿಗೆ ಹತ್ತು ಗುಂಡು ಹಾಕಿ, ಆಮೇಲೆ ಅವರ ಮೇಲೆಯೇ ಕಳವಿನ ಮಾತಾಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಮ್ಮಪ್ಪಗೂ ಹಿಂಗ ಆಗಿತ್ರಿ," ಎಂದಳು ಬೇರೆಯವರಿಗೆ ಕೇಳದ ಹಾಗೆ. "ಕಾಚಬಿಂದು ಅಂತಾರ, ಗ್ಲಾಕೋಮಾ. ನಟ್ಟನಡುವ ಛಲೋ ಕಾಣತೈತಿ, ಬಾಜೂದ್ದು ಹೋಗಿರತೈತಿ. ದುರ್ಬೀಣದಾಗ ಹೆಂಗೂ ನಡುವಿಂದ ಅಷ್ಟ ನೋಡೂದು, ಅದಕ್ಕ ನಿಮಗ ಗೊತ್ತಾಗಿಲ್ಲ. ಹ್ವಾದದ್ದು ತಿರುಗಿ ಬರೂದಿಲ್ರಿ, ಆದ್ರ ಇದ್ದದ್ದು ಉಳಸಬಹುದು. ನಾಳೇನ ತೋರಸ್ರಿ. ಮತ್ತ ಗಾಡಿ ಹೊಡೀಬ್ಯಾಡ್ರಿ."

ಅವಳು ಇಷ್ಟು ಅಕ್ಕರೆಯಿಂದ ಹೇಳಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬಂದೂಕು ಚೀಲಕ್ಕೆ ತುರುಕಿ, ಯಾರಿಗೂ ಹೇಳದೆ, ಕಾರು ನಾನೇ ಓಡಿಸಿಕೊಂಡು ಮನೆಗೆ ಬಂದೆ.

ಅದಾದ ಮೇಲಿನ ಮೂರು ದಿನ ನಾನು ಮನುಷ್ಯನಾಗಿರಲಿಲ್ಲ. ಸೋಮವಾರ ದವಾಖಾನೆಗೆ ಹೋಗಲಿಲ್ಲ, ಅಂಗಡಿಯಲ್ಲಿ ಕೆಲಸವಿದೆ ಎಂದುಕೊಂಡೆ. ಮಂಗಳವಾರ ಅಂಗಡಿಗೇ ಹೋಗಲಿಲ್ಲ. ಗೋಡೆಯ ಕ್ಯಾಲೆಂಡರಿನ ಒಂದು ತಾರೀಖು ನೋಡುತ್ತ ನಿಂತು ಅಕ್ಕಪಕ್ಕದ ತಾರೀಖು ಎಣಿಸಲು ನೋಡುತ್ತಿದ್ದೆ. ಸಿಗುತ್ತಿರಲಿಲ್ಲ. ಬೆಳಕು ಸಾಲದು ಎಂದು ಹೆಂಡತಿಯ ಮೇಲೆ ರೇಗಿ ದೊಡ್ಡ ಬಲ್ಬು ಹಾಕಿಸಿದೆ. ಆಮೇಲೂ ಸಿಗಲಿಲ್ಲ. ಅವಳು ಏನಾಯಿತು ಎಂದು ಕೇಳಿದಾಗಲೆಲ್ಲ ಆ ಹಾಳು ಆದೇಶದ ಮೇಲೆ ಹಾಕಿದೆ. ಭಯವಾಗುತ್ತಿತ್ತು. ಎಷ್ಟು ಭಯವೆಂದರೆ ಆ ಕಾಯಿಲೆಯ ಹೆಸರನ್ನು ಮನಸ್ಸಿನಲ್ಲಿ ಕೂಡ ಪೂರ್ತಿ ಅನ್ನುತ್ತಿರಲಿಲ್ಲ.

ಗುರುವಾರ ಬಂತು. ಗುರುವಾರ ನಾವಿಬ್ಬರೂ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗುವುದು ಮದುವೆಯಾದಾಗಿನ ರೂಢಿ. ಬಸ್ಸಿಗೆ ಹೋಗೋಣ ಎಂದರೆ ಯಾಕೆ ಎಂದು ಕೇಳುತ್ತಾಳೆ. ಇಷ್ಟು ವರ್ಷ ಓಡಿಸಿದ ರಸ್ತೆ, ಕಣ್ಣು ಕಟ್ಟಿದರೂ ಓಡಿಸಿಯೇನು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಗಾಡಿ ತೆಗೆದೆ.

ವಳಸಂಗ ದಾಟಿದೆವು. ರಸ್ತೆ ಖಾಲಿ ಇತ್ತು, ಅಂದರೆ ನನಗೆ ಖಾಲಿ ಕಂಡಿತು.

"ರೀ!" ಎಂದು ಅವಳು ಚೀರಿ ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಎಳೆದಳು. ಗಾಡಿ ಕಿರ್ರೆಂದು ಅಡ್ಡ ತಿರುಗಿ ನಿಂತಿತು. ಎಡಕ್ಕೆ ತಲೆ ತಿರುಗಿಸಿದೆ. ಮೇವಿನ ಹೊರೆ ಹೊತ್ತ ಒಬ್ಬ ಮುದುಕಿ, ಗಾಡಿಯ ಬಂಪರಿನಿಂದ ಒಂದು ಗೇಣು ದೂರದಲ್ಲಿ. ಹೊರೆ ಕೆಳಗೆ ಬಿದ್ದಿತ್ತು. ಅವಳಿಗೆ ಏನೂ ಆಗಿರಲಿಲ್ಲ.

"ಕಣ್ಣ ಕಳಕೊಂಡೀಯೇನೋ ಎಪ್ಪಾ!" ಎಂದಳು ಮುದುಕಿ.

ಹೆಂಡತಿ ಇಳಿದು ಹೋಗಿ ಅವಳಿಗೆ ನೀರು ಕೊಟ್ಟು, ಹೊರೆ ಎತ್ತಿ ಹೊರಿಸಿ, ಕೈಮುಗಿದು ಬಂದಳು. ನಾನು ಸ್ಟೇರಿಂಗು ಬಿಟ್ಟಿರಲಿಲ್ಲ. ಹೇಗೋ ಗಾಡಿಯನ್ನು ಪಕ್ಕಕ್ಕೆ ತಂದು ಬಂದ್ ಮಾಡಿದೆ.

"ಆಕಿ ಅಷ್ಟು ದೂರದಿಂದ ನಡಕೋತ ಬಂದಾಳ. ನೀವು ನೋಡಿಲ್ಲ ಏನ್ರಿ?"

ರೇಗಬೇಕೆಂದವನು ಹಾಗೇ ಬಿಟ್ಟೆ. ಎದುರಿನ ಗಾಜಿನಾಚೆ ಒಂದು ಬೇವಿನ ಮರ ಇತ್ತು. ಅದರ ಮೇಲೆ ಕಣ್ಣಿಟ್ಟೆ.

"ಒಂದು ಕೆಲಸ ಮಾಡು," ಎಂದೆ. "ನಾ ಮರಾ ನೋಡತೀನಿ. ನೀ ಅಲ್ಲೇ ಕುಂತು ನನ್ನ ಕಡಿ ಕೈ ಎತ್ತಿ ಅಳ್ಳಾಡ್ಸು. ಕಂಡ ಕೂಡ್ಲೆ ಹೇಳತೀನಿ."

"ಯಾಕ್ರೀ?"

"ಕೇಳಬ್ಯಾಡ. ಅಳ್ಳಾಡ್ಸು."

ಮರ ನೋಡುತ್ತ ಕೂತೆ. ಎಲೆ ಎಲೆಯೂ ಕಾಣುತ್ತಿತ್ತು. ಕಾದೆ. ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಸೀರೆ ಸರಿಪಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ, ಇಷ್ಟು ಹೊತ್ತು ಏನು ಮಾಡುತ್ತಾಳೆ ಎಂದು ಸಿಟ್ಟೂ ಬಂತು.

"ಕೈ ಎತ್ತು ಅಂದ್ನೆಲ್ಲ!"

"ಎತ್ತೀನ್ರೀ," ಎಂದಳು. "ಆಗಿಂದ ನಿಮ್ಮ ಮಾರಿ ಬಾಜೂಕ ಕೈ ಅಳ್ಳಾಡ್ಸಾಕತ್ತೀನಿ."

ಗಾಡಿಯ ಕೀಲಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ.