ನಾನು ಕಟ್ಟಿಕೊಟ್ಟ ಗಾಳಗಳು

ನನ್ನ ಗಂಡನಿಗೆ ಮೀನಿನ ಹುಚ್ಚು ಹಿಡಿದದ್ದು ಸ್ಕಾಟ್ಲೆಂಡಿನಲ್ಲಿ. ತರಬೇತಿಗೆಂದು ಒಂದು ವರ್ಷ ಹೋದವನು ಕಣ್ಣಿನ ಆಪರೇಷನ್ನಿನ ಜೊತೆಗೆ ಟ್ರೌಟ್ ಹಿಡಿಯುವುದನ್ನೂ ಕಲಿತು ಬಂದ. ಹುಳ ಚುಚ್ಚಿ ದಡದಲ್ಲಿ ತೂಕಡಿಸುವ ಗಾಳವಲ್ಲ ಅದು. ಗರಿ, ನೂಲು ಸುತ್ತಿ ನೊಣದಂತೆ ಕಾಣುವ ಪುಟ್ಟ ಗಾಳ ಮಾಡಬೇಕು. ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಸದ್ದಾಗದ ಹಾಗೆ ಇಳಿಸಬೇಕು. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಉಡುಪಿಯ ನಮ್ಮ ಮನೆಯವರಿಗೆ ಇದನ್ನು ವಿವರಿಸಿ ಸುಸ್ತಾಗಿದ್ದೇನೆ. ಹಿಡಿದ ಮೀನನ್ನು ಬಿಟ್ಟು ಬರುವವನಿಗೆ ಹೆಣ್ಣು ಕೊಟ್ಟದ್ದೇ ತಪ್ಪು ಎಂದು ನನ್ನ ಅತ್ತಿಗೆ ಇವತ್ತಿಗೂ ಹೇಳುತ್ತಾಳೆ.

ಮಲೇಷ್ಯಾದ ಹೊಳೆಗಳಲ್ಲಿ ಟ್ರೌಟ್ ಇಲ್ಲ. ಇಲ್ಲಿಗೆ ಕೆಲಸಕ್ಕೆ ಬಂದ ಮೊದಲ ವರ್ಷವಿಡೀ ಅವನು ಮುಖ ಊದಿಸಿಕೊಂಡೇ ಇದ್ದ. ಆಮೇಲೆ ಯಾರೋ ತೆಂಗಾಸ್ ಎಂಬ ಮೀನಿನ ಬಗ್ಗೆ ಹೇಳಿದರು. ಅದು ಕಾಡಿನ ತಣ್ಣನೆಯ ಸಣ್ಣ ಹೊಳೆಗಳಲ್ಲಿ ಇರುತ್ತದೆ, ನೀರಿಗೆ ಬಿದ್ದ ಇರುವೆ ತಿನ್ನಲು ಮೇಲೆ ಬರುತ್ತದೆ ಎಂದರು. ಅಷ್ಟು ಸಾಕಾಯಿತು. ಅಂದಿನಿಂದ ಮಳೆಯಿಲ್ಲದ ಭಾನುವಾರಗಳಂದು ಪುಚೊಂಗಿನ ಮನೆಯಿಂದ ಬೆಳಿಗ್ಗೆ ಹೊರಟು, ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ರೊಟ್ಟಿ ತಿಂದು, ಮಧ್ಯಾಹ್ನಕ್ಕೆ ತೆಂಗಿನ ಹಾಲಲ್ಲಿ ಬೇಯಿಸಿದ ನಾಸಿ ಲೆಮಾಕ್ ಅನ್ನವನ್ನು ತಪಾವ್, ಅಂದರೆ ಪೊಟ್ಟಣ, ಮಾಡಿಸಿಕೊಂಡು ಬೆಟ್ಟದ ಬುಡದ ಹೊಳೆಗೆ ಹೋಗುತ್ತೇವೆ. ಅವನು ನೀರಿಗಿಳಿಯುತ್ತಾನೆ. ನಾನು ಬಂಡೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತೇನೆ, ಕಾಲಿನ ಜಿಗಣೆ ಕೀಳುತ್ತೇನೆ, ಅವನನ್ನು ಬೈಯುತ್ತೇನೆ.

ನಾನು ಮೆಡಿಕಲ್ ಕಾಲೇಜಿನಲ್ಲಿ ನರರೋಗಗಳನ್ನು ಕಲಿಸುವವಳು. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ನಿಮಗೆ ಅರ್ಧ ಗೊತ್ತಾಗಬೇಕು ಎಂದು ವಿದ್ಯಾರ್ಥಿಗಳ ತಲೆ ತಿನ್ನುತ್ತೇನೆ. ಕಳೆದ ವರ್ಷದ ಆರಂಭದ ಒಂದು ಭಾನುವಾರ, ಹೊಳೆಗಿಳಿಯುವ ಕಾಲುದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ. ಮೀನಿನ ಕೋಲು ಅವನ ಎಡಗೈಯಲ್ಲಿತ್ತು, ಬಲಗೈ ಖಾಲಿಯಿತ್ತು. ನಡೆಯುವಾಗ ಖಾಲಿ ಕೈ ಬೀಸಬೇಕು. ಅವನ ಬಲಗೈ ಬೀಸುತ್ತಿರಲಿಲ್ಲ, ಪಕ್ಕೆಗೆ ಅಂಟಿಕೊಂಡ ಹಾಗೆ ಸುಮ್ಮನೆ ಇತ್ತು. ನನಗೆ ಅರ್ಧವಲ್ಲ, ಪೂರ್ತಿ ಗೊತ್ತಾಯಿತು. ಪಾರ್ಕಿನ್ಸನ್.

ಹೊಳೆಯ ಹತ್ತಿರ ಕೂತು ಅವನು ಗಾಳದ ಸಣ್ಣ ಕಣ್ಣಿಗೆ ದಾರ ಪೋಣಿಸಲು ನೋಡಿದ. ಮೂರು ಸಲ ತಪ್ಪಿತು. "ಕನ್ನಡಕ ಬದಲಾಯಿಸ್ಬೇಕು ಮಾರಾಯ್ತಿ" ಎಂದ. ಎರಡು ತಿಂಗಳ ಹಿಂದಷ್ಟೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದ ಕಣ್ಣಿನ ಡಾಕ್ಟರು!

"ಹೌದು, ಬದಲಾಯಿಸು" ಎಂದೆ. ಅಷ್ಟೇ ಹೇಳಿದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಶನಿವಾರ ಸಂಜೆ ಅವನು ಕ್ಲಬ್ಬಿಗೆ ಹೋದಾಗ ಊಟದ ಮೇಜಿನ ಮೇಲೆ ಅವನ ಗಾಳಗಳನ್ನು ಹರಡಿಕೊಂಡು, ಒಂದೊಂದಕ್ಕೂ ಒಂದು ಮೊಳ ದಾರ ಕಟ್ಟಿ, ಇನ್ನೊಂದು ತುದಿಗೆ ದೊಡ್ಡ ಕುಣಿಕೆ ಹಾಕಿಡತೊಡಗಿದೆ. ಹೊಳೆಯಲ್ಲಿ ಕೋಲಿನ ದಾರದ ಕುಣಿಕೆಗೆ ಈ ಕುಣಿಕೆ ಸಿಕ್ಕಿಸಿದರೆ ಮುಗಿಯಿತು, ನಡುಗುವ ಕೈಗೂ ಸಾಧ್ಯ. ಕೇಳಿದರೆ ಏನು ಹೇಳಬೇಕೆಂದು ಒಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವನು ಕೇಳಲೇ ಇಲ್ಲ. ಡಬ್ಬಿ ತೆರೆದು ನೋಡಿ, "ಪರವಾಗಿಲ್ಲ, ಕೆಲಸ ಕಲ್ತಿದ್ದಿ" ಎಂದು ನಕ್ಕ.

ಭಾನುವಾರ ಹೀಗೆ ಕಳೆಯುತ್ತಿತ್ತು. ಮಂಗಳವಾರ ಅವನ ಆಪರೇಷನ್ ದಿನ. ಯಾರ್ಯಾರದೋ ಕಣ್ಣು, ಅದರ ಮೇಲೆ ಆ ಬೆರಳು. ಬೇರೆ ಯಾವ ಡಾಕ್ಟರಾದರೂ ಆಗಿದ್ದರೆ ಮಾರನೆಯ ದಿನವೇ ಮುಖಕ್ಕೆ ಹೇಳುತ್ತಿದ್ದೆ. ಹೇಳಲೇಬೇಕಿತ್ತು. ಆದರೆ ಹೇಳಿದ ಕ್ಷಣ ಅವನ ಮೂವತ್ತು ವರ್ಷದ ಕೆಲಸ ಮುಗಿಯುತ್ತದೆ, ಮುಗಿಸಿದವಳು ನಾನಾಗುತ್ತೇನೆ. ಪ್ರತಿ ಮಂಗಳವಾರ ಸಂಜೆ "ಹೇಗಾಯ್ತು?" ಎಂದು ಕೇಳುತ್ತಿದ್ದೆ. "ಎಲ್ಲ ಸರಿಯಾಯ್ತು" ಎನ್ನುತ್ತಿದ್ದ. ನನಗೆ ಉಸಿರು ಬರುತ್ತಿತ್ತು. ಬುಧವಾರದಿಂದ ಮತ್ತೆ ಅದೇ ಹೆದರಿಕೆ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಕಳೆದ ತಿಂಗಳು ಹೊಳೆಯಲ್ಲಿ ಅವನ ಕಾಲು ಜಾರಿತು. ಅವನಿಗೇನೂ ಆಗಲಿಲ್ಲ. ಆದರೆ ನಾನು ಕಟ್ಟಿಟ್ಟ ಗಾಳಗಳ ಡಬ್ಬಿ ನೀರು ಪಾಲಾಯಿತು. ಅವನ ಟೋಪಿಗೆ ಚುಚ್ಚಿಟ್ಟಿದ್ದ ಒಂದೇ ಒಂದು ಗಾಳ ಉಳಿದಿತ್ತು, ದಾರವಿಲ್ಲದ್ದು. ಅವನು ಅದನ್ನು ಪೋಣಿಸಲು ಹೋಗಲೇ ಇಲ್ಲ. ನೇರ ನನ್ನ ಬಂಡೆಯ ಹತ್ತಿರ ಬಂದು ಗಾಳ, ದಾರ ಎರಡನ್ನೂ ನನ್ನ ಮುಂದೆ ಹಿಡಿದ.

"ಕಟ್ಟಿಕೊಡು."

ಪೋಣಿಸಲು ಹೋದೆ. ನನಗೂ ಆಗಲಿಲ್ಲ. ಮತ್ತೊಮ್ಮೆ ನೋಡಿದೆ, ದಾರ ಪಕ್ಕಕ್ಕೆ ಹೋಯಿತು.

"ನಿನ್ನ ಕೈ ಯಾಕೆ ನಡುಗ್ತದೆ? ನಡುಗ್ಬೇಕಾದ್ದು ನಂದಲ್ವಾ?" ಎಂದ.

ನಾನು ಗಾಳವನ್ನು ಬಂಡೆಯ ಮೇಲಿಟ್ಟೆ. ಕೇಳಿದ್ದು ಒಂದೇ ಮಾತು. "ಮಂಗಳವಾರ?"

"ದೀಪಾವಳಿ ಆದ್ಮೇಲೆ ನಾನು ಒಂದು ಕಣ್ಣೂ ಮುಟ್ಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಒಂದ್ಸಲ ಕೈ ತಡೆದ ಹಾಗಾಯ್ತು. ಪೇಷಂಟಿಗೆ ಎಂತದೂ ಆಗ್ಲಿಲ್ಲ. ಅವತ್ತೇ ಬಿಟ್ಟೆ. ಈಗ ಓಪಿಡಿ ಮಾತ್ರ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಪ್ರತಿ ಶನಿವಾರ ಕೂತು ಗಾಳ ಕಟ್ತಿದ್ದೆ. ನಂಗೆ ಗೊತ್ತಿಲ್ಲ ಅಂತ ನಿಂಗೊಂದು ಸಮಾಧಾನ ಇತ್ತು. ಅದನ್ನೂ ಯಾಕೆ ಕೆಡಿಸೋದು ಅಂತ."

ನಾಲ್ಕೈದು ತಿಂಗಳಿಂದ ಮಂಗಳವಾರ ಬೆಳಿಗ್ಗೆ ನಾನು ಚಪಾತಿ ಕಟ್ಟಿಕೊಟ್ಟು ಕಳಿಸುತ್ತಿದ್ದದ್ದು ಬರೀ ಓಪಿಡಿಗೆ. ಹಾಯೆನಿಸಿತು. ಮರುಕ್ಷಣವೇ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ. ಈ ರೋಗದ ಪ್ರತಿ ಮಾತ್ರೆಯ ಹೆಸರು, ಪ್ರಮಾಣ ನನಗೆ ಬಾಯಿಪಾಠ. ಯಾವ ಮಾತ್ರೆ ಎಷ್ಟು ವರ್ಷ ಕೈಹಿಡಿಯುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದೂ ಗೊತ್ತು. ಗೊತ್ತಿದ್ದರಿಂದ ಒಂದು ಕಾಸಿನ ಉಪಯೋಗವಾಗಲಿಲ್ಲ. ಇಬ್ಬರೂ ಕೂತು ನಾಸಿ ಲೆಮಾಕ್ ತಿಂದೆವು.

ಸಂಜೆ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಅವನೇ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. ಬೇರೆ ಆಸ್ಪತ್ರೆಯಲ್ಲಿರುವ ನನ್ನ ಸೀನಿಯರ್ ಒಬ್ಬರಿಗೆ ಅವನನ್ನು ತೋರಿಸಬೇಕಿತ್ತು. "ರೆಫರಲ್ ಲೆಟರ್ ನೀನೇ ಬರಿ. ನಿನ್ನಷ್ಟು ಚೆನ್ನಾಗಿ ನನ್ನನ್ನು ಯಾರು ನೋಡಿದ್ದಾರೆ?" ಎಂದ. ತಮಾಷೆ ಮಾಡುತ್ತಿರಲಿಲ್ಲ.

ವಯಸ್ಸು ಬರೆದೆ. ಬಲಗೈ ಎಂದು ಬರೆದೆ. ತೊಂದರೆ ಎಷ್ಟು ಕಾಲದಿಂದ ಎಂದು ಬರೆಯುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅಂದಾಜಿನ ಅಗತ್ಯ ನನಗಿರಲಿಲ್ಲ, ಅದು ನಾನು ಬಾಯಿಮುಚ್ಚಿಕೊಂಡಿದ್ದ ಅವಧಿ. ಹದಿನಾಲ್ಕು ತಿಂಗಳು ಎಂದು ಬರೆದೆ.

ಅವನು ನನ್ನ ಹಿಂದೆ ನಿಂತು ಓದುತ್ತಿದ್ದ. "ಹದಿನಾಲ್ಕಲ್ಲ, ಎರಡು ವರ್ಷ ಮಾಡು. ಲಿಫ್ಟಲ್ಲಿ ಯಾರೋ ಡುರಿಯನ್ ಹಣ್ಣು ತಂದಿದ್ರಲ್ಲ, ನೀನು ಮೂಗು ಮುಚ್ಚಿಕೊಂಡು ಜಗಳ ಮಾಡಿದ್ದೆ. ನಂಗೆ ಅವತ್ತು ಎಂತ ವಾಸನೆಯೂ ಬರ್ಲಿಲ್ಲ."

ಈ ರೋಗದಲ್ಲಿ ಕೈ ನಡುಗುವುದಕ್ಕೆ ಎಷ್ಟೋ ಮೊದಲೇ ವಾಸನೆ ಹೋಗಬಹುದು. ಇದನ್ನು ನಾನು ಪ್ರತಿ ವರ್ಷ ಮೊದಲನೆಯ ಪಾಠದಲ್ಲೇ ಹೇಳುತ್ತೇನೆ. ಆ ದಿನ ಲಿಫ್ಟಿನಲ್ಲಿ ಅವನ ಮುಖ ನೋಡಿ, "ನೀನು ಹೇಗೆ ಸಹಿಸ್ಕೊಳ್ತಿ ಮಾರಾಯ?" ಎಂದು ಕೇಳಿದವಳೂ ನಾನೇ. ಹದಿನಾಲ್ಕು ತಿಂಗಳನ್ನು ಅಳಿಸಿ ಎರಡು ವರ್ಷ ಎಂದು ಬರೆದೆ.