ಬಿಡದ ಚೌಕ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರು. ಯುದ್ಧವಿಮಾನದಿಂದ ಕಂಡ ನೋಟ: ಬೂದು ನೆಲ, ಓಡುವ ಒಂದು ಬಿಳಿ ಚುಕ್ಕೆ, ಅದನ್ನು ಬಿಡದೆ ಹಿಂಬಾಲಿಸುವ ಸಣ್ಣ ಚೌಕ. ನಾನು ಚಹಾ ಬಿಟ್ಟು ಎದ್ದು ನಿಂತೆ. ಜಿರಳೆ ಕಂಡರೂ ಸಯನ್ ಸ್ಟೇಷನ್ನಿಗೆ ಕೇಳುವ ಹಾಗೆ ಕಿರುಚುವವಳು ನಾನು, ಒಪ್ಪಿದೆ. ಆದರೆ ಆ ಚೌಕವನ್ನು ನಾನು ಮೊದಲೇ ನೋಡಿದ್ದೆ.

ನನ್ನ ಗಂಡ ಕಾಂದಿವಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಜು ಉಜ್ಜುತ್ತಾರೆ. ಯುದ್ಧವಿಮಾನ ಗುರಿ ಹಿಡಿಯುವ ಕ್ಯಾಮೆರಾದ ಗಾಜು. ನೋಡಿದರೆ ಗಾಜೆಂದು ನೀವು ನಂಬಲಾರಿರಿ, ಹೊಳೆಯುವ ಸ್ಟೀಲ್ ತಟ್ಟೆಯೇ ಸರಿ. ಅದರ ಆಚೆಯದು ನಮ್ಮ ಕಣ್ಣಿಗೆ ಕಾಣದು. ಕ್ಯಾಮೆರಾಕ್ಕೆ ಮಾತ್ರ ಮನುಷ್ಯನ ಮೈಬಿಸಿ ಕಾಣುತ್ತದೆ. ಮಗಳು ಪ್ರೈಮರಿಯಲ್ಲಿದ್ದಾಗ ಒಮ್ಮೆ ಆಯುಧಪೂಜೆಗೆ ಕಾರ್ಖಾನೆಯವರು ಮನೆಮಂದಿಯನ್ನೂ ಕರೆದಿದ್ದರು. ಮೋಟರು, ಲೇತು, ಬಾಗಿಲ ಬೀಗ, ಎಲ್ಲಕ್ಕೂ ಭಕ್ತಿಯಿಂದ ಕುಂಕುಮ ಹಚ್ಚುತ್ತಾ ಬಂದ ನಾನು ಆ ತಟ್ಟೆಗೂ ಬೆರಳು ಚಾಚಿದೆ.

"ಅಯ್ಯೋ, ಮುಟ್ಟಬೇಡ ಮಾರಾಯ್ತಿ!" ಎಂದು ಗಂಡ ಕೈ ಹಿಡಿದರು.

ನನ್ನ ಮುಖ ಸಪ್ಪಗಾದದ್ದು ಕಂಡ ಇಂಜಿನಿಯರ್ ಸಾಹೇಬರು ಸಮಾಧಾನಕ್ಕೆಂದು ಕ್ಯಾಮೆರಾ ಆನ್ ಮಾಡಿ ಅಂಗಳಕ್ಕೆ ತಿರುಗಿಸಿದರು. ಬಾಗಿಲಲ್ಲಿಟ್ಟ ಟಿವಿ ಪರದೆಯ ಮೇಲೆ ನಮ್ಮ ಮಗಳು ಬಿಳಿ ಬೊಂಬೆ. ಅವಳ ಸುತ್ತ ಚೌಕ. ಅವಳು ಓಡಿದರೆ ಅದೂ ಓಡಿತು. ಟೆಂಪೋ ಹಿಂದೆ ಅಡಗಿದರೆ ಕಾದು, ಹೊರಬಂದೊಡನೆ ಮತ್ತೆ ಹಿಡಿಯಿತು.

"ಮಮ್ಮಿ ನೋಡು, ಯೇ ಛೋಡ್‌ತಾ ಹೀ ನಹೀ, ಬಿಡುವುದೇ ಇಲ್ಲ!" ಎಂದು ಅವಳು ಕುಣಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಂಗಳಕ್ಕೆ ಓಡಿದೆ. ಅವಳನ್ನು ದರದರನೆ ಒಳಗೆ ಎಳೆದುಕೊಂಡೆ. ಮನೆಗೆ ಹೊರಟು ದಾದರಿನಲ್ಲಿ ಲೋಕಲ್ ರೈಲು ಬದಲಿಸುವವರೆಗೂ ಗಂಡ ನಕ್ಕರು.

"ಎಂತ ಹೆದರಿಕೆ ನಿಂಗೆ! ನಾವು ಬರೀ ಗಾಜು ಉಜ್ಜುವವರು."

ಅಂದಿನಿಂದ ಮನೆಯಲ್ಲಿ ನಾನು ಹಗ್ಗ ಕಂಡು ಹಾವು ಅನ್ನುವವಳು.

ಆ ಮಗಳು ಈಗ ಗಲ್ಫಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಯುದ್ಧ ಹಬ್ಬಿ, ಅವಳಿರುವ ಊರಿನ ಮೇಲೂ ವಿಮಾನಗಳು ಹಾರುತ್ತಿವೆ. ವಿಡಿಯೋ ನೋಡಿದವಳೇ ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಟೆನ್ಶನ್ ತಗೋಬೇಡ ಮಮ್ಮಿ, ಐ ಆ್ಯಮ್ ಫೈನ್. ಒಳಗೆ ನೆಟ್‌ವರ್ಕ್ ವೀಕ್ ನಾ, ಮೆಸೇಜ್ ಅಷ್ಟೇ ಹೋಗ್ತದೆ, ಟೆರೇಸ್ ಮೇಲೆ ಬಂದೆ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ, ಕೆಲಸಕ್ಕೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ ಗಂಡ ಫೋನ್ ಕಸಿದುಕೊಂಡರು.

"ಕೆಳಗೆ ಹೋಗು ಮಗಾ! ಈಗಲೇ! ಮಾತು ಬೇಡ, ಹೋಗು!"

ಈ ಸಲ ಅವರು ನಗಲಿಲ್ಲ. ಇಷ್ಟು ವರ್ಷ ನಾನು ಹೆದರಿದಾಗಲೆಲ್ಲ ಅವರ ನಗು ಕೇಳಿಯೇ ಧೈರ್ಯ ತಂದುಕೊಂಡವಳು. ಆ ಕ್ಯಾಮೆರಾ ಎಷ್ಟು ದೂರದಿಂದ ನೋಡಬಲ್ಲದೆಂದು ಅವರಿಗೆ ಗೊತ್ತು. ಈಗ ಒಂದೇ ಕಾಲಿಗೆ ಶೂ ಹಾಕಿಕೊಂಡು ನನ್ನ ಪಕ್ಕ ಕೂತಿದ್ದಾರೆ. ಅವಳು ಕೆಳಗಿಳಿದಳೆಂಬ ಮೆಸೇಜ್ ಇನ್ನೂ ಬಂದಿಲ್ಲ.